ಓಟ ಗೆದ್ದ ಹುಡುಗ ಚೀಲಕ್ಕೆ ಸೋತದ್ದೇಕೆ? ಸೈನಿಕರ ಬಿರುಸಿನ ಕಸರತ್ತಿನ ಲೆಕ್ಕ

ಜನವರಿಯಲ್ಲಿ ತೊಗರಿ ರಾಶಿ ಮುಗಿದ ಮೇಲೆ ಅಕ್ಕನ ಮನೆಯ ಚೀಲಗಳನ್ನು ಕಲಬುರಗಿಯ ಗಂಜಿಗೆ, ಅಂದರೆ ಧಾನ್ಯದ ಮಾರುಕಟ್ಟೆಗೆ, ತಂದಿದ್ದೆವು. ಅಕ್ಕನ ಮಗ, ನನ್ನ ಅಳಿಯನೂ ಬಂದಿದ್ದ. ಅವನಿಗೆ 19 ವರ್ಷ, ಅಗ್ನಿವೀರ ಭರ್ತಿಗೆ ತಯಾರಿ ನಡೆಸಿದ್ದಾನೆ. ದಿನಾ ನಸುಕಿನಲ್ಲಿ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಓಡುತ್ತಾನೆ. 1.6 ಕಿ.ಮೀ. ಓಟ ಅವನಿಗೆ 5 ನಿಮಿಷ 40 ಸೆಕೆಂಡಿನ ಕೆಲಸ. "ಹಮಾಲ್ರು ಯಾಕ ಬೇಕು ಮಾಮಾ, ನಾನೇ ಇಳಸ್ತೀನಿ" ಅಂದ. 50 ಕೆ.ಜಿ. ಚೀಲ. ಒಂಬತ್ತನೆಯದಕ್ಕೆ ಕಾಲು ನಡುಗಿದವು. ಹನ್ನೊಂದು ಮುಗಿಸಿ ಟೆಂಪೋ ಗಾಲಿಗೆ ಒರಗಿ ಕೂತುಬಿಟ್ಟ. ಉಳಿದ ಇಪ್ಪತ್ತು ಚೀಲವನ್ನು ಐವತ್ತು ದಾಟಿದ ಹಮಾಲರೊಬ್ಬರು ಬಾಯಲ್ಲಿ ಎಲೆ-ಅಡಿಕೆ ಇಟ್ಟುಕೊಂಡೇ ಇಳಿಸಿದರು. ಹೋಗುವಾಗ ಒಂದು ಮಾತು ಹೇಳಿದರು: "ತಮ್ಮಾ, ಬೆನ್ನಿಲೆ ಎತ್ತಬ್ಯಾಡ, ಕಾಲಿಲೆ ಎತ್ತು."

ಅವನಿಗೆ ಅವಮಾನವಾಗಿತ್ತು. ನನಗೆ ಕುತೂಹಲ ಹುಟ್ಟಿತು. ಆ ಹಮಾಲರನ್ನು ಕ್ರೀಡಾಂಗಣದಲ್ಲಿ ಓಡಿಸಿದ್ದರೆ ಎರಡನೇ ಸುತ್ತಿಗೇ ಕೂರುತ್ತಿದ್ದರೋ ಏನೋ. ಹಾಗಾದರೆ ಇಬ್ಬರಲ್ಲಿ ಗಟ್ಟಿ ಯಾರು? ಜಗತ್ತಿನ ಹಲವು ಸೇನೆಗಳು ಕಳೆದ ಇಪ್ಪತ್ತು ವರ್ಷಗಳಿಂದ ತಲೆ ಕೆಡಿಸಿಕೊಂಡಿರುವುದೂ ಇದೇ ಪ್ರಶ್ನೆಗೆ. ಯಾಕೆಂದರೆ ಸೈನಿಕನಿಗೆ ಓಟವೂ ಬೇಕು, ಚೀಲವೂ ಬೇಕು. ಅದೂ ಒಂದರ ಬೆನ್ನಿಗೆ ಒಂದು, ಒಂದೇ ಉಸಿರಿನಲ್ಲಿ.

ಅಗ್ನಿವೀರ ಭರ್ತಿಯ ಲೆಕ್ಕ ನಮ್ಮ ಭಾಗದ ಹುಡುಗರಿಗೆ ಬಾಯಿಪಾಠ. 1.6 ಕಿ.ಮೀ. ಓಟವನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ 60 ಅಂಕ. ಬೀಮ್, ಅಂದರೆ ಪುಲ್-ಅಪ್, 10 ಹೊಡೆದರೆ 40 ಅಂಕ. 9 ಅಡಿ ಗುಂಡಿ ಹಾರಬೇಕು, ಅಂಕುಡೊಂಕು ಹಲಗೆಯ ಮೇಲೆ ಸಮತೋಲನ ತಪ್ಪದೆ ನಡೆಯಬೇಕು. ಇದು ಬಾಗಿಲು ದಾಟುವ ಪರೀಕ್ಷೆ ಅಷ್ಟೇ. ಒಳಗೆ ಹೋದ ಮೇಲೆ ಬಿ.ಪಿ.ಇ.ಟಿ. ಎನ್ನುವ ಇನ್ನೊಂದು ಪರೀಕ್ಷೆ ಕಾದಿರುತ್ತದೆ. ಅದರಲ್ಲಿ ಯುದ್ಧದ ಸಾಮಾನು ಹೊತ್ತು, ರೈಫಲ್ ಹಿಡಿದು 5 ಕಿ.ಮೀ. ಓಡಬೇಕು. ಜೊತೆಗೆ 60 ಮೀಟರ್ ಬಿರುಸಿನ ಓಟ, ನೇತುಬಿಟ್ಟ ಹಗ್ಗ ಹತ್ತುವುದು, ಅಡ್ಡ ಹಗ್ಗದ ಮೇಲೆ ಸಾಗುವುದು, 9 ಅಡಿ ಗುಂಡಿ ಹಾರುವುದು. ಬರಿಗೈಯಲ್ಲಿ ಓಡಿ ಕಲಿತ ಕಾಲು ಇಲ್ಲಿ ಮೊದಲ ಸಲ ಭಾರ ಅಂದರೇನು ಅಂತ ಕಲಿಯುತ್ತದೆ.

ನಿಜವಾದ ಕೆಲಸ ಇನ್ನೂ ಬೇರೆ. ಗಾಯಗೊಂಡ ಜೊತೆಗಾರನನ್ನು ಐವತ್ತು ಮೀಟರ್ ಎಳೆಯಬೇಕು ಅಂದುಕೊಳ್ಳಿ. ಅವನ ತೂಕ 70 ಕೆ.ಜಿ., ಮೈಮೇಲಿನ ಸಾಮಾನು ಬೇರೆ. ಈ ಕೆಲಸ ಅರ್ಧ ನಿಮಿಷದಲ್ಲಿ ಮುಗಿಯಬೇಕು. ಅದಕ್ಕೂ ಮುಂಚೆ ಮೂರು ತಾಸು ಗುಡ್ಡ ಹತ್ತಿರಬಹುದು. ಎಳೆದಾದ ಮೇಲೆ ಕೈ ನಡುಗದೆ ಗುರಿ ಇಡಬೇಕು. ದಿನಾ 5 ಕಿ.ಮೀ. ಓಡಿದರೆ ಇದರಲ್ಲಿ ಒಂದು ಭಾಗ ಬರುತ್ತದೆ. ಜಿಮ್ಮಿನಲ್ಲಿ ಕನ್ನಡಿ ಮುಂದೆ ಡಂಬೆಲ್ ಎತ್ತಿದರೆ ಇನ್ನೊಂದು ಚೂರು ಬರುತ್ತದೆ. ಎರಡನ್ನೂ ಬೆಸೆಯುವ ಕಸರತ್ತಿಗೆ ಈಗ ಹೈ ಇಂಟೆನ್ಸಿಟಿ ಫಂಕ್ಷನಲ್ ಟ್ರೇನಿಂಗ್ ಅಂತ ಹೆಸರು. ಚಿಕ್ಕದಾಗಿ ಹಿಫ್ಟ್.

ಹೆಸರು ದೊಡ್ಡದು, ಒಳಗಿರುವುದು ಸರಳ. ಫಂಕ್ಷನಲ್ ಅಂದರೆ ದಿನದ ಕೆಲಸದಲ್ಲಿ ಬರುವ ಚಲನೆಗಳು: ಕೂತು ಏಳುವುದು, ನೆಲದಿಂದ ಎತ್ತುವುದು, ತಳ್ಳುವುದು, ಎಳೆಯುವುದು, ಹೊತ್ತು ನಡೆಯುವುದು, ಹಾರುವುದು. ಇವುಗಳಲ್ಲಿ ಒಂದು ಕೀಲು ಮಾತ್ರ ಆಡುವುದಿಲ್ಲ. ಸೊಂಟ, ಮಂಡಿ, ಹೆಗಲು ಎಲ್ಲ ಸೇರಿ ದುಡಿಯುತ್ತವೆ. ಹೈ ಇಂಟೆನ್ಸಿಟಿ ಅಂದರೆ ಉಸಿರು ಮೇಲೆ ಬಂದು ನಾಲ್ಕು ಮಾತು ಜೋಡಿಸಿ ಆಡಲಾರದಷ್ಟು ಬಿರುಸು. ಇಲ್ಲಿ ಒಂದು ಸೂಕ್ಷ್ಮ ಇದೆ. ಬಿರುಸು ಅನ್ನುವುದು ಅವರವರಿಗೆ ತಕ್ಕಂತೆ. ಕಮಾಂಡೋಗೆ 40 ಕೆ.ಜಿ. ಹೊತ್ತು ಓಡುವುದು ಬಿರುಸಾದರೆ, ನನ್ನಂಥವನಿಗೆ 5 ಕೆ.ಜಿ. ಹಿಟ್ಟಿನ ಚೀಲ ಹಿಡಿದು ಮೂರು ಮಹಡಿ ಹತ್ತುವುದೇ ಬಿರುಸು. ಇದು ತಿಳಿಯದೆ ಯೂಟ್ಯೂಬಿನಲ್ಲಿ ನೋಡಿದ್ದನ್ನು ಹಾಗೇ ಮಾಡಲು ಹೋಗುವುದೇ ಅರ್ಧ ಅನಾಹುತಗಳಿಗೆ ಕಾರಣ.

ಇದನ್ನು ಹಿಟ್, ಅಂದರೆ ಹೈ ಇಂಟೆನ್ಸಿಟಿ ಇಂಟರ್ವಲ್ ಟ್ರೇನಿಂಗ್ ಜೊತೆ ಕಲಸಬೇಡಿ. ಹಿಟ್‌ನಲ್ಲಿ ಸಾಮಾನ್ಯವಾಗಿ ಒಂದೇ ಚಲನೆ ಇರುತ್ತದೆ, ಸೈಕಲ್ ಅಥವಾ ಓಟ. ಇಷ್ಟು ಸೆಕೆಂಡ್ ಜೋರು, ಇಷ್ಟು ಸೆಕೆಂಡ್ ವಿಶ್ರಾಂತಿ. ಹಿಫ್ಟ್‌ನಲ್ಲಿ ಚಲನೆ ಬದಲಾಗುತ್ತಾ ಹೋಗುತ್ತದೆ, ಭಾರವೂ ಸೇರುತ್ತದೆ. ವಿಶ್ರಾಂತಿ ಎಷ್ಟು ಬೇಕೋ ಅಷ್ಟು.

ಒಲೆಯೊಳಗಿನ ಮೂರು ಉರುವಲು

ಅಳಿಯ ಹನ್ನೊಂದನೇ ಚೀಲಕ್ಕೆ ಯಾಕೆ ಕೂತ ಅಂತ ತಿಳಿಯಲು ಅಕ್ಕನ ಮನೆಯ ಒಲೆ ನೋಡಿದರೆ ಸಾಕು. ಒಲೆ ಹಚ್ಚುವಾಗ ಮೊದಲು ಒಣ ಹುಲ್ಲು. ಭಗ್ಗನೆ ಉರಿದು ಕ್ಷಣದಲ್ಲಿ ಬೂದಿ. ಆಮೇಲೆ ತೊಗರಿ ಕಟ್ಟಿಗೆ. ಜೋರು ಉರಿ, ಆದರೆ ಹೊಗೆಯೂ ಜಾಸ್ತಿ. ಕೊನೆಗೆ ಕುಳ್ಳು, ಅಂದರೆ ಬೆರಣಿ. ಮೆಲ್ಲಗೆ, ತಾಸುಗಟ್ಟಲೆ ಕಾಯುತ್ತದೆ.

ಸ್ನಾಯುವಿನೊಳಗೂ ಇಂಥ ಮೂರು ಉರುವಲು ಇವೆ. ಹುಲ್ಲಿನಂತಿರುವುದು ಫಾಸ್ಫೊಕ್ರಿಯಾಟಿನ್. ಪೂರ್ತಿ ಬಲ ಹಾಕಿದರೆ ಸುಮಾರು 10 ಸೆಕೆಂಡಿಗೆ ಮುಗಿಯುತ್ತದೆ. ಗುಂಡಿ ಹಾರುವುದು, ಚೀಲ ಹೆಗಲಿಗೆ ಎತ್ತುವುದು ಇದರ ಕೆಲಸ. ತೊಗರಿ ಕಟ್ಟಿಗೆಯ ಜಾಗದಲ್ಲಿ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆ ಇದೆ. ಆಮ್ಲಜನಕ ಸಾಲದಿದ್ದರೂ ಅದು ಒಂದೆರಡು ನಿಮಿಷ ಜೋರಾಗಿ ಉರಿಯುತ್ತದೆ. ತೊಡೆ ಕಾದು ಬಿಗಿಯುವುದು ಆಗಲೇ. ಕುಳ್ಳು ಅಂದರೆ ಆಮ್ಲಜನಕ ಬಳಸಿ ಕೊಬ್ಬು ಮತ್ತು ಸಕ್ಕರೆ ಎರಡನ್ನೂ ಸುಡುವ ನಿಧಾನದ ವ್ಯವಸ್ಥೆ. ದೂರದ ಓಟ, ಗುಡ್ಡ ಹತ್ತುವುದು ಅದರ ಪಾಲು. ಮೂರೂ ಒಟ್ಟಿಗೇ ಉರಿಯುತ್ತಿರುತ್ತವೆ. ಯಾವುದರ ಪಾಲು ಜಾಸ್ತಿ ಅನ್ನುವುದಷ್ಟೇ ಬದಲಾಗುತ್ತದೆ.

ಅಳಿಯನ ಕುಳ್ಳಿನ ಬೆಂಕಿ ಚೆನ್ನಾಗಿತ್ತು. ಹುಲ್ಲು, ಕಟ್ಟಿಗೆ ಕಡಿಮೆ ಇದ್ದವು, ಭಾರ ಎತ್ತುವ ಬಲವೂ ಸಾಲದಾಗಿತ್ತು. ಅವನಿಗೆ 50 ಕೆ.ಜಿ. ಅಂದರೆ ಅವನ ಶಕ್ತಿಯ ಕೊನೆಯ ಅಂಚು. ಹಮಾಲರಿಗೆ ಅದು ಅರ್ಧ ಶಕ್ತಿ. ಹಾಗಂತ ಓಟ ವ್ಯರ್ಥ ಅಲ್ಲ. ಎರಡು ಚೀಲಗಳ ನಡುವೆ ಖಾಲಿಯಾದ ಹುಲ್ಲನ್ನು ಮತ್ತೆ ತುಂಬುವುದು ಕುಳ್ಳಿನ ಬೆಂಕಿಯೇ. ಖರ್ಚಾದ ಫಾಸ್ಫೊಕ್ರಿಯಾಟಿನ್ ಸುಮಾರು ಅರ್ಧ ನಿಮಿಷದಲ್ಲಿ ಅರ್ಧದಷ್ಟು ವಾಪಸ್ ಬರುತ್ತದೆ, ಪೂರ್ತಿ ತುಂಬಲು ಮೂರರಿಂದ ಐದು ನಿಮಿಷ ಬೇಕು. ದಮ್ಮು ಇದ್ದವನಿಗೆ ಇದು ಬೇಗ. ಅದಕ್ಕೇ ಓಟ ಬಿಟ್ಟು ಬರೀ ಭಾರ ಎತ್ತುವ ಹುಡುಗರಿಗೂ ನಾನು ಮೆಚ್ಚುಗೆ ಕೊಡುವುದಿಲ್ಲ.

ಅಂದಹಾಗೆ, ಮರುದಿನದ ಮೈಕೈ ನೋವಿಗೆ ಲ್ಯಾಕ್ಟಿಕ್ ಆಸಿಡ್ ಕಾರಣ ಅಂತ ಮೈದಾನದಲ್ಲಿ ಎಲ್ಲರೂ ಹೇಳುತ್ತಾರೆ. ಅದು ಹಳೇ ತಪ್ಪು ತಿಳುವಳಿಕೆ. ಲ್ಯಾಕ್ಟೇಟ್ ತಾಸೊತ್ತಿನಲ್ಲಿ ರಕ್ತದಿಂದ ಖಾಲಿಯಾಗುತ್ತದೆ. ಹೃದಯ ಅದನ್ನು ಉರುವಲಾಗಿ ಬಳಸುತ್ತದೆ ಕೂಡ. ಮರುದಿನದ ನೋವು ಬರುವುದು ರೂಢಿಯಿಲ್ಲದ ಕೆಲಸದಿಂದ ಸ್ನಾಯುವಿನ ಎಳೆಗಳಿಗೆ ಆಗುವ ಸಣ್ಣ ಪೆಟ್ಟಿನಿಂದ.

ಸೇನೆಗಳು ಏನು ಕಂಡವು

1996ರಲ್ಲಿ ಜಪಾನಿನ ಇಜುಮಿ ತಬಾತಾ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಒಂದು ಗುಂಪು ವಾರಕ್ಕೆ 5 ದಿನ, ತಾಸು ಹೊತ್ತು ಮಧ್ಯಮ ವೇಗದಲ್ಲಿ ಸೈಕಲ್ ತುಳಿಯಿತು. ಇನ್ನೊಂದು ಗುಂಪು 20 ಸೆಕೆಂಡ್ ಜೀವ ಬಿಟ್ಟು ತುಳಿದು 10 ಸೆಕೆಂಡ್ ನಿಂತು, ಹೀಗೆ ಏಳೆಂಟು ಸಲ ಮಾಡಿತು. ಒಟ್ಟು ನಾಲ್ಕು ನಿಮಿಷವೂ ಇಲ್ಲ. ಆರು ವಾರದ ನಂತರ ದಮ್ಮು ಎರಡೂ ಗುಂಪಿಗೆ ಏರಿತ್ತು. ಆದರೆ ಆಮ್ಲಜನಕ ಸಾಲದೆಯೂ ದುಡಿಯುವ ಶಕ್ತಿ ಎರಡನೇ ಗುಂಪಿಗೆ ಮಾತ್ರ ಏರಿತ್ತು, ಶೇ 28ರಷ್ಟು. ಒಲೆಯ ಭಾಷೆಯಲ್ಲಿ ಹೇಳುವುದಾದರೆ ಕುಳ್ಳೂ ಬೆಳೆಯಿತು, ಕಟ್ಟಿಗೆಯೂ ಬೆಳೆಯಿತು. ಈಗ ನಾಲ್ಕು ನಿಮಿಷದ ಹಾಡು ಹಾಕಿ ಕುಣಿಯುವುದಕ್ಕೂ ತಬಾತಾ ಅಂತಾರೆ. ಮೂಲದ ಬಿರುಸು ಬೇರೆಯೇ ಆಗಿತ್ತು. ಕೊನೆಯ ಸುತ್ತಿಗೆ ಪೆಡಲ್ ತಿರುಗಿಸಲು ಆಗದಷ್ಟು.

2000ದಲ್ಲಿ ಅಮೆರಿಕದ ಗ್ರೆಗ್ ಗ್ಲಾಸ್‌ಮನ್ ಮತ್ತು ಲಾರೆನ್ ಜೆನೈ ಕ್ರಾಸ್‌ಫಿಟ್ ಕಂಪನಿ ಕಟ್ಟಿದರು. ಅದು ಬೇಗನೆ ಸೈನಿಕರ ನಡುವೆ ಹಬ್ಬಿತು. ಹೆಚ್ಚು ಸಾಮಾನು ಬೇಡ, ಹೆಚ್ಚು ಹೊತ್ತು ಬೇಡ, ಪೈಪೋಟಿ ಇದೆ. ಸೈನಿಕರಿಗೆ ಹಿಡಿಸದೆ ಇರುತ್ತದೆಯೇ? 2005ರಲ್ಲಿ ಅಫ್ಘಾನಿಸ್ತಾನದಲ್ಲಿ ಮಡಿದ ಅಮೆರಿಕದ ನೌಕಾಪಡೆಯ ಮೈಕೆಲ್ ಮರ್ಫಿ ಹೆಸರಿನಲ್ಲಿ ಒಂದು ಕಸರತ್ತೇ ಇದೆ: 1 ಮೈಲಿ ಓಟ, 100 ಪುಲ್-ಅಪ್, 200 ದಂಡ (ಪುಷ್-ಅಪ್), 300 ಬೈಠಕ್, ಮತ್ತೆ 1 ಮೈಲಿ ಓಟ. ಇದೆಲ್ಲ 9 ಕೆ.ಜಿ. ತೂಕದ ಜಾಕೆಟ್ ತೊಟ್ಟು. ಇದನ್ನು ಮೊದಲ ವಾರಕ್ಕೇ ಮಾಡಲು ಹೊರಟರೆ ಸುಮ್ನೆ ಆಸ್ಪತ್ರೆ ಸೇರುತ್ತೀರಿ.

ಅಮೆರಿಕದ ಭೂಸೇನೆ 1980ರಿಂದ ಸುಮಾರು ನಲವತ್ತು ವರ್ಷ ದಂಡ, ಸಿಟ್-ಅಪ್, 2 ಮೈಲಿ ಓಟ ಇಷ್ಟರಲ್ಲೇ ಸೈನಿಕರನ್ನು ಅಳೆಯುತ್ತಿತ್ತು. ಅಷ್ಟು ಪಾಸಾದವರೂ ಯುದ್ಧಭೂಮಿಯಲ್ಲಿ ಭಾರ ಎತ್ತಲು ಒದ್ದಾಡಿದರು. 2022ರಲ್ಲಿ ಅಧಿಕೃತವಾಗಿ ಬಂದ ಹೊಸ ಪರೀಕ್ಷೆಯಲ್ಲಿ ಓಟ ಉಳಿಯಿತು. ಜೊತೆಗೆ ನೆಲದಿಂದ ಭಾರ ಎತ್ತುವುದು, ಚೆಂಡನ್ನು ತಲೆ ಮೇಲಿಂದ ಹಿಂದಕ್ಕೆ ಎಸೆಯುವುದು ಸೇರಿದವು. ನೆಲದ ಮೇಲೆ ಸುಮಾರು 40 ಕೆ.ಜಿ. ಭಾರದ ಸ್ಲೆಡ್ ಎಳೆಯುವುದು, ಒಂದೊಂದು ಕೈಯಲ್ಲೂ 18 ಕೆ.ಜಿ. ಕೆಟಲ್‌ಬೆಲ್, ಅಂದರೆ ಹಿಡಿಕೆ ಇರುವ ಕಬ್ಬಿಣದ ಗುಂಡು, ಹಿಡಿದು ಓಡುವುದು ಕೂಡ ಬಂತು. 2025ರಲ್ಲಿ ಚೆಂಡೆಸೆತ ಕೈಬಿಟ್ಟರು, ಉಳಿದವು ಹಾಗೇ ಇವೆ. ಹೊತ್ತು ಓಡುವ ಆ ಭಾಗ ನೋಡಿದಾಗಲೆಲ್ಲ ನನಗೆ ಎರಡು ಕೊಡ ನೀರು ಹಿಡಿದು ಬೋರ್‌ವೆಲ್‌ನಿಂದ ಬರುವ ನಮ್ಮೂರ ಹೆಂಗಸರು ನೆನಪಾಗುತ್ತಾರೆ.

ಸೈನಿಕರ ಮೇಲೇ ನಡೆದ ಅಧ್ಯಯನಗಳೂ ಇವೆ. 2012ರಲ್ಲಿ ಪ್ರಕಟವಾದ ಒಂದರಲ್ಲಿ ಅಮೆರಿಕದ 67 ಸೈನಿಕರನ್ನು ಎರಡು ಗುಂಪು ಮಾಡಿ 8 ವಾರ ಬೇರೆ ಬೇರೆ ರೀತಿ ತಯಾರು ಮಾಡಿದರು. ಒಂದು ಗುಂಪಿಗೆ ಸೇನೆಯ ಎಂದಿನ ಪಿ.ಟಿ., ಇನ್ನೊಂದಕ್ಕೆ ಸುತ್ತುಗಳಲ್ಲಿ ಮಾಡುವ ಫಂಕ್ಷನಲ್ ಕಸರತ್ತು. ಎರಡನೆಯ ಗುಂಪು ದಂಡದಲ್ಲಿ, ಬೆಂಚ್ ಪ್ರೆಸ್‌ನಲ್ಲಿ (ಅಂಗಾತ ಮಲಗಿ ಭಾರ ಎತ್ತುವುದು), ಮೈ ಬಾಗುವುದರಲ್ಲಿ ಮುಂದೆ ಹೋಯಿತು. 2 ಮೈಲಿ ಓಟದಲ್ಲಿ ಕೂಡ ಇವರೇ ಮುಂದೆ. ಯಾರಿಗೂ ಗಾಯವಾಗಲಿಲ್ಲ. ಆದರೆ ಅದೇ ಅಧ್ಯಯನದ ಇನ್ನೊಂದು ಸಾಲನ್ನು ಜಿಮ್ಮಿನ ಜಾಹೀರಾತುಗಳು ಹೇಳುವುದಿಲ್ಲ. ಮೈಯ ಕೊಬ್ಬಿನ ಪ್ರಮಾಣ ಎರಡೂ ಗುಂಪಿನಲ್ಲಿ ಇದ್ದಲ್ಲೇ ಇತ್ತು.

ಕೊಬ್ಬು ಕರಗುವುದು ಎಲ್ಲಿ?

ತಕ್ಕಡಿ ಅರ್ಧ ಸುಳ್ಳು ಹೇಳುತ್ತದೆ. ಒಂದೇ ಎತ್ತರದ, 72 ಕೆ.ಜಿ. ತೂಕದ ಇಬ್ಬರಲ್ಲಿ ಒಬ್ಬನ ಮೈಯಲ್ಲಿ 10 ಕೆ.ಜಿ. ಕೊಬ್ಬು, ಇನ್ನೊಬ್ಬನಲ್ಲಿ 20 ಕೆ.ಜಿ. ಇರಬಹುದು. ಇಬ್ಬರ ಬಿ.ಎಂ.ಐ., ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಒಂದೇ. ಗುಡ್ಡ ಹತ್ತುವಾಗ ಎರಡನೆಯವನು ಹೊರುವುದು 10 ಕೆ.ಜಿ. ವ್ಯರ್ಥ ಭಾರ. ಮೈಯಲ್ಲಿ ಕೊಬ್ಬು ಎಷ್ಟು, ಸ್ನಾಯು-ಮೂಳೆ ಎಷ್ಟು ಅನ್ನುವ ಈ ಹಂಚಿಕೆಗೇ ಬಾಡಿ ಕಾಂಪೊಸಿಷನ್ ಅನ್ನುವುದು. ಮನೆಯಲ್ಲಿ ಅಳೆಯಲು ದರ್ಜಿ ಟೇಪು ಸಾಕು. ಭಾರತೀಯ ಗಂಡಸರಿಗೆ ಸೊಂಟ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರದ ಗಂಟೆ.

20 ನಿಮಿಷದ ಬಿರುಸಿನ ಕಸರತ್ತಿಗೆ ಖರ್ಚಾಗುವುದು ಹೆಚ್ಚುಕಡಿಮೆ 200ರಿಂದ 300 ಕ್ಯಾಲೊರಿ. ಮುಗಿದ ಮೇಲೂ ತಾಸುಗಟ್ಟಲೆ ಕೊಬ್ಬು ಉರಿಯುತ್ತಲೇ ಇರುತ್ತದೆ ಅಂತಾರಲ್ಲ, ಅದು ಸುಳ್ಳಲ್ಲ, ಆದರೆ ಚಿಲ್ಲರೆ ಕಾಸು. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇದೆ. ಕಸರತ್ತು ಮುಗಿಸಿ ಬಂದು ಒಂದು ಪ್ಲೇಟ್ ಸುಸಲಾ, ಎರಡು ಮಿರ್ಚಿ ಭಜಿ, ಮೇಲೊಂದು ಸಕ್ಕರೆ ಚಹಾ ಹೊಡೆದರೆ ಲೆಕ್ಕ ಸಮ. ಹಿಫ್ಟ್‌ನ ನಿಜವಾದ ಲಾಭ ಬೇರೆ ಕಡೆ ಇದೆ. ಭಾರ ಸೇರಿರುವುದರಿಂದ, ಊಟ ಸ್ವಲ್ಪ ಕಡಿಮೆ ಮಾಡಿದರೂ ಸ್ನಾಯು ಉಳಿಯುತ್ತದೆ, ಕೊಬ್ಬು ಹೋಗುತ್ತದೆ. ಬರೀ ಉಪವಾಸ, ಬರೀ ಓಟ ಮಾಡಿದರೆ ಸ್ನಾಯುವೂ ಜೊತೆಗೆ ಸವೆಯುತ್ತದೆ.

ಪ್ರೊಟೀನ್ ಡಬ್ಬಿಗೆ ಅಕ್ಕ ದುಡ್ಡು ಕೊಡಲಿಲ್ಲ, ಒಳ್ಳೆಯದೇ ಆಯಿತು. ಭಾರದ ಕಸರತ್ತು ಮಾಡುವವರಿಗೆ ದಿನಕ್ಕೆ ತೂಕದ ಪ್ರತಿ ಕಿಲೋಗೆ 1.6 ಗ್ರಾಂ ಪ್ರೊಟೀನ್ ಇದ್ದರೆ ಸಾಕು. 65 ಕೆ.ಜಿ. ಹುಡುಗನಿಗೆ 104 ಗ್ರಾಂ. ನಮ್ಮ ತಾಟಿನಲ್ಲೇ ಕೂಡಿಸಿ ನೋಡೋಣ. ದಿನಕ್ಕೆ ಕಾಲು ಕಿಲೋ ಜೋಳದ ಹಿಟ್ಟಿನ ರೊಟ್ಟಿ ಅಂದರೆ ಸುಮಾರು 25 ಗ್ರಾಂ. 100 ಗ್ರಾಂ ತೊಗರಿಬೇಳೆಯಲ್ಲಿ 22. ಹಿಂಡಿಯಲ್ಲೋ ಹುರಿದೋ 50 ಗ್ರಾಂ ಶೇಂಗಾ, 12. ಹಾಲು-ಮೊಸರು ಸೇರಿ ಅರ್ಧ ಲೀಟರ್, 16. ಮೂರು ಮೊಟ್ಟೆ, 18. ಒಟ್ಟು 93. ಇನ್ನೊಂದು ಹಿಡಿ ಹೆಸರುಕಾಳು ನೆನೆಸಿಟ್ಟರೆ ಕೊರತೆ ಬಹುಪಾಲು ತುಂಬಿತು. ಬೇಳೆಯನ್ನು ನೀರು ಮಾಡಿ ಸಾರು ಅಂತ ಬಡಿಸುವ ಹಾಸ್ಟೆಲ್ ಊಟದಲ್ಲಿ ಮಾತ್ರ ಈ ಲೆಕ್ಕ ಕೂಡುವುದಿಲ್ಲ.

ಮರಳಿನ ಚೀಲ, ಹಳೇ ಟೈರು

ಗರಡಿಮನೆ ನೋಡಿದವರಿಗೆ ಇದರಲ್ಲಿ ಹೊಸದೇನು ಅನ್ನಿಸಬಹುದು. ದಂಡ, ಬೈಠಕ್, ಗದೆ ತಿರುಗಿಸುವುದು, ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವುದು, ಎಲ್ಲವೂ ಫಂಕ್ಷನಲ್ಲೇ. ಹೊಸತು ಅಂದರೆ ಗಡಿಯಾರ ಮತ್ತು ವಹಿ. ಎಷ್ಟು ಭಾರ, ಎಷ್ಟು ಸುತ್ತು, ಎಷ್ಟು ಹೊತ್ತು ಅಂತ ಬರೆದಿಟ್ಟು ವಾರ ವಾರ ಒಂದು ಹಿಡಿ ಏರಿಸುವುದು.

ಅಳಿಯನಿಗೆ ಮಾಡಿಕೊಟ್ಟದ್ದು ಹೀಗಿದೆ. ಗೊಬ್ಬರದ ಹಳೇ ಚೀಲಕ್ಕೆ 15 ಕೆ.ಜಿ. ಮರಳು. ಟ್ರ್ಯಾಕ್ಟರಿನ ಅಲ್ಲ, ಜೀಪಿನ ಹಳೇ ಟೈರಿಗೆ ಹಗ್ಗ. ಅರ್ಧ ತುಂಬಿದ ಎರಡು ನೀರಿನ ಕ್ಯಾನು. ಮೊದಲು ಹತ್ತು ನಿಮಿಷ ಮೈ ಬಿಸಿ ಮಾಡಬೇಕು. ಆಮೇಲೆ ಮರಳಿನ ಚೀಲವನ್ನು ನೆಲದಿಂದ ಹೆಗಲಿಗೆ 6 ಸಲ, ಬೆನ್ನು ನೆಟ್ಟಗಿಟ್ಟು, ಹಮಾಲರು ಹೇಳಿದ ಹಾಗೆ "ಕಾಲಿಲೆ". 10 ದಂಡ. ಟೈರು ಎಳೆಯುತ್ತಾ 30 ಮೀಟರ್. ಕ್ಯಾನು ಹಿಡಿದು ವಾಪಸ್ 30 ಮೀಟರ್. ಒಂದೂವರೆ ನಿಮಿಷ ವಿಶ್ರಾಂತಿ. ಮೊದಲ ವಾರ ಮೂರೇ ಸುತ್ತು, ಹತ್ತರಲ್ಲಿ ಆರು ಪಾಲು ಬಲದಲ್ಲಿ. ನಾಲ್ಕನೇ ವಾರಕ್ಕೆ ಐದು ಸುತ್ತು, ಹತ್ತರಲ್ಲಿ ಎಂಟು ಪಾಲು. ಚಲನೆ ಕೆಟ್ಟ ಕೂಡಲೇ ನಿಲ್ಲಿಸಬೇಕು, ಸುತ್ತು ಉಳಿದಿದ್ದರೂ ಸರಿ.

ಇದು ವಾರಕ್ಕೆ ಎರಡು, ಹೆಚ್ಚೆಂದರೆ ಮೂರು ದಿನ. ಇನ್ನೆರಡು ದಿನ ಓಟ: ಒಂದು ದಿನ ನಿಧಾನದ ದೂರ, ಇನ್ನೊಂದು ದಿನ 400 ಮೀಟರಿನ ಬಿರುಸಿನ ತುಂಡುಗಳು. ಬೀಮ್ ಅಭ್ಯಾಸ ಬೇರೆ. ಭಾನುವಾರ ಪೂರ್ತಿ ವಿಶ್ರಾಂತಿ. ದಿನಾ ಓಡಿ ಓಡಿ ಮೊಣಕಾಲ ಕೆಳಗಿನ ಮೂಳೆ ನೋವು ತಂದುಕೊಂಡವರು ಪ್ರತಿ ಮೈದಾನದಲ್ಲೂ ಸಿಗುತ್ತಾರೆ. ಯಾದಗಿರಿಯವರಿಗೆ ಕೋಟೆ ಬೆಟ್ಟವೇ ಇದೆ. ಬೆನ್ನಿಗೆ 8-10 ಕೆ.ಜಿ. ಚೀಲ ಹಾಕಿ ಮೆಟ್ಟಿಲು ಹತ್ತಿದರೆ ಯಾವ ಜಿಮ್ಮೂ ಬೇಡ. ಇಳಿಯುವಾಗ ಮಾತ್ರ ಓಡಬೇಡಿ.

ಬೀದರ್ ಹುಡುಗರಲ್ಲಿ ವಾಯುಪಡೆಯ ಕನಸು ಜಾಸ್ತಿ. ತಲೆ ಮೇಲೆ ವಾಯುಪಡೆಯ ಹಾಕ್ ತರಬೇತಿ ವಿಮಾನ ಹಾರುತ್ತಿದ್ದರೆ ಯಾರಿಗೆ ಆಸೆ ಬರುವುದಿಲ್ಲ? ಆಕಾಶದಲ್ಲಿ ವಿಮಾನಗಳ ಕಸರತ್ತು ತೋರಿಸುವ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದೂ ಅಲ್ಲೇ. ವಿಮಾನ ಗಕ್ಕನೆ ತಿರುಗುವಾಗ ಪೈಲಟ್‌ನ ರಕ್ತ ತಲೆಯಿಂದ ಕಾಲಿನ ಕಡೆ ಇಳಿಯುತ್ತದೆ. ಆಗ ತೊಡೆ, ಹೊಟ್ಟೆಯ ಸ್ನಾಯು ಬಿಗಿದು, ಉಸಿರು ಹಿಡಿದು ಹಿಡಿದು ಬಿಟ್ಟು ರಕ್ತವನ್ನು ಮೇಲೆ ನಿಲ್ಲಿಸಬೇಕು. ಸೆಕೆಂಡುಗಳ ಲೆಕ್ಕದ ಪೂರ್ತಿ ಬಲದ ಕೆಲಸ. ಕೂತು ಮಾಡುವ ಕೆಲಸ ಅಂದುಕೊಂಡವರಿಗೆ ಇದು ಗೊತ್ತಿರುವುದಿಲ್ಲ.

ಬಿಸಿಲು ಮತ್ತು ಕಪ್ಪು ಮೂತ್ರ

2011ರಲ್ಲಿ ಅಮೆರಿಕದ ಸೇನೆಯ ಆರೋಗ್ಯ ತಜ್ಞರೂ ಕ್ರೀಡಾ ವೈದ್ಯರೂ ಸೇರಿ ಇಂಥ ಅತಿ ಬಿರುಸಿನ ಕಸರತ್ತುಗಳ ಬಗ್ಗೆ ಎಚ್ಚರಿಕೆ ಕೊಟ್ಟರು. ಮುಖ್ಯ ದೂರು ಒಂದೇ: ಹೊಸಬರಿಗೂ ಹಳಬರಿಗೂ ಒಂದೇ ಅಳತೆ. ನನಗೂ ಇದರ ಪಾಠ ಆಗಿದೆ. ಕೆಲವು ವರ್ಷದ ಹಿಂದೆ ಒಂದು ಜಿಮ್ಮಿಗೆ ಸೇರಿದ ಮೊದಲ ದಿನವೇ ಟ್ರೇನರ್ 150 ಬೈಠಕ್ ಹೊಡೆಸಿದ. ಮೂರು ದಿನ ಗೋಡೆ ಹಿಡಿದು ಶೌಚಕ್ಕೆ ಹೋದೆ. ನನಗೆ ನೋವಷ್ಟೇ ಆಯಿತು. ಕೆಲವರಿಗೆ ಸ್ನಾಯು ಒಡೆದು ಅದರ ಅಂಶ ರಕ್ತ ಸೇರಿ ಕಿಡ್ನಿ ಕಟ್ಟುತ್ತದೆ. ಇದಕ್ಕೆ ರಾಬ್ಡೊಮಯೊಲಿಸಿಸ್ ಅಂತಾರೆ. ಮೂತ್ರ ಕಡು ಚಹಾದ ಅಥವಾ ಕೋಲಾದ ಬಣ್ಣಕ್ಕೆ ತಿರುಗಿ, ಸ್ನಾಯು ಊದಿ ವಿಪರೀತ ನೋಯುತ್ತಿದ್ದರೆ ಮನೆಮದ್ದು ಬೇಡ, ಅದೇ ದಿನ ಆಸ್ಪತ್ರೆಗೆ ಹೋಗಿ.

ನಮ್ಮ ಬಿಸಿಲು ಇನ್ನೊಂದು. ಏಪ್ರಿಲ್-ಮೇನಲ್ಲಿ 42 ಡಿಗ್ರಿ ಇಲ್ಲಿ ಸುದ್ದಿಯೇ ಅಲ್ಲ. ಬಿರುಸಿನ ಕಸರತ್ತಿನಲ್ಲಿ ಮೈ ತಾನೇ ಒಲೆಯಾಗಿರುತ್ತದೆ. ಬಿಸಿಲಿಗೆ ಹೊಂದಿಕೊಳ್ಳಲು ಮೈಗೆ 10ರಿಂದ 14 ದಿನ ಬೇಕು. ಬೆಂಗಳೂರಿನಿಂದ ರಜೆಗೆ ಬಂದವರು ಮೊದಲ ದಿನವೇ ಪೂರ್ತಿ ಸುತ್ತು ಹೊಡೆಯಬಾರದು. ಬೆಳಿಗ್ಗೆ ಏಳರೊಳಗೆ ಮುಗಿಸಿ. ಬೆವರು ಜಾಸ್ತಿ ಹೋದರೆ ಬರೀ ನೀರು ಸಾಲದು, ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ಯಾರಾದರೂ ತಡಬಡಾಯಿಸಿ ಮಾತಾಡಿದರೆ, ಓಲಾಡಿದರೆ, ಬಿದ್ದರೆ ಅದನ್ನು ಸುಸ್ತು ಅಂತ ಬಿಡಬೇಡಿ. ನೆರಳಿಗೆ ಎಳೆದು ಮೈತುಂಬ ತಣ್ಣೀರು ಸುರಿಯಲು ಶುರು ಮಾಡಿ, ಇನ್ನೊಬ್ಬರು 108ಕ್ಕೆ ಫೋನ್ ಹಚ್ಚಲಿ. ಅಂಬುಲೆನ್ಸ್ ಬರುವವರೆಗೆ ನೀರು ಸುರಿಯುವುದು ನಿಲ್ಲಬಾರದು. ಮನೆಯಲ್ಲಿ ಹೃದಯದ ಕಾಯಿಲೆ ಇದ್ದವರು, ಓಡುವಾಗ ಎದೆ ನೋವು ಅಥವಾ ತಲೆ ಸುತ್ತು ಬಂದವರು ಡಾಕ್ಟರಿಗೆ ತೋರಿಸಿಯೇ ಶುರು ಮಾಡಬೇಕು.

ಎಂಟನೇ ವಾರ ಅಳಿಯ ಮುಖ ಸಣ್ಣ ಮಾಡಿಕೊಂಡು ಬಂದ. "ಮಾಮಾ, ತೂಕ ಒಂದ್ ಕಿಲೋನೂ ಇಳದಿಲ್ಲ ನೋಡು." ಟೇಪು ಹಿಡಿದೆ. ಸೊಂಟ 3 ಸೆಂ.ಮೀ. ಕಡಿಮೆ. ಓಟ 5 ನಿಮಿಷ 33 ಸೆಕೆಂಡ್. ಬೀಮ್ ಏಳರಿಂದ ಒಂಬತ್ತು. ವಹಿಯಲ್ಲಿ ಇಷ್ಟನ್ನೂ ಬರೆದುಕೊಂಡ. ಚೀಲದ ಲೆಕ್ಕದ ಮುಂದೆ ಇನ್ನೂ ಖಾಲಿ ಬಿಟ್ಟಿದ್ದಾನೆ. ಕಡಲೆ ರಾಶಿ ಮುಗಿದಿದೆ, ಮುಂದಿನ ಸೋಮವಾರ ಗಂಜಿಗೆ ಹೋಗುವುದಿದೆ.